ಕಲ್ಲಿನ ರಥದ ಮುಂದೆ

ನಮ್ಮ ಮನೆಯ ಗೋಡೆಯ ಮೇಲೆ ತಂದೆಯವರ ಪಟವೊಂದು ತೂಗುತ್ತಿದೆ. ಅದರ ಹಿನ್ನೆಲೆ ನೀಲಿ. ಮೇಲೆ ಗಂಧದ ಹಾರ. ಮನೆಗೆ ಹೊಸದಾಗಿ ಬಂದವರು ಅದನ್ನು ನೋಡಿ, “ಇವರು ನಿಮ್ಮ ತಮ್ಮನವರೇ?” ಎಂದು ಮೆಲುದನಿಯಲ್ಲಿ ಕೇಳುವುದುಂಟು. ಕೇಳಿದವರ ತಪ್ಪೇನೂ ಇಲ್ಲ. ತಂದೆಯವರು 2021ರಲ್ಲಿ ತೀರಿಕೊಂಡಾಗ ಅವರಿಗೆ 63 ವರ್ಷ. ಪಟದಲ್ಲಿರುವ ಮನುಷ್ಯನಿಗೆ 27. ನಮಗೀಗ ಅದಕ್ಕಿಂತ ಹತ್ತು ವರ್ಷ ಹೆಚ್ಚೇ ಆಗಿದೆ.

ಹೀಗಾದುದಕ್ಕೆ ಕಾರಣ ಬಹಳ ಸರಳ. ಹದಿಮೂರನೆಯ ದಿನಕ್ಕೆ ಪಟ ಬೇಕೆಂದು ಮನೆಯಲ್ಲಿದ್ದ ಆಲ್ಬಮ್ಮುಗಳನ್ನೂ ಮೊಬೈಲುಗಳನ್ನೂ ತಡಕಾಡಿದೆವು. ಸಾವಿರಾರು ಚಿತ್ರಗಳಿದ್ದವು. ನಾಮಕರಣ, ಉಪನಯನ, ಮದುವೆ, ಜುಹೂ ಕಡಲತೀರ, ಧರ್ಮಸ್ಥಳ, ಎಲ್ಲವೂ ಇದ್ದವು. ತಂದೆ ಮಾತ್ರ ಇರಲಿಲ್ಲ. ಏಕೆಂದರೆ ಎಲ್ಲ ಕಡೆಯೂ ಚಿತ್ರ ತೆಗೆದವರು ಅವರೇ! ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಆಗ್ಫಾ ಕ್ಲಿಕ್ ಕ್ಯಾಮರಾವನ್ನು ಕೊರಳಿಗೆ ಹಾಕಿಕೊಂಡ ದಿನದಿಂದ ಅವರು ನಮ್ಮ ಸಂಸಾರದ ಎದುರಿಗೆ ನಿಂತರೇ ಹೊರತು ಒಳಗೆ ಬರಲಿಲ್ಲ. ಕೊನೆಗೆ ಸಿಕ್ಕಿದ್ದು 1985ರ ಒಂದು ಚಿತ್ರ. ಮದುವೆಯಾದ ಕೆಲವು ತಿಂಗಳಿಗೆ ತಂದೆ ತಾಯಿ ಹಂಪೆಗೆ ಹೋಗಿದ್ದಾಗ ಕಲ್ಲಿನ ರಥದ ಮುಂದೆ ಅಲ್ಲಿನ ಫೋಟೋಗ್ರಾಫರನೊಬ್ಬ ತೆಗೆದದ್ದು. ಸ್ಟುಡಿಯೋದವರು ಅದರಿಂದ ತಂದೆಯನ್ನಷ್ಟೇ ಕತ್ತರಿಸಿ, ರಥವನ್ನೂ ತಾಯಿಯನ್ನೂ ಅಳಿಸಿ, ನೀಲಿ ಬಣ್ಣ ತುಂಬಿ ಕೊಟ್ಟರು. ತಾಯಿ ಅದನ್ನು ನೋಡಿ ಏನೂ ಹೇಳಲಿಲ್ಲ. ಮೂಲ ಪ್ರತಿಯನ್ನು ಕೇಳಿ ಪಡೆದು ತಮ್ಮ ಟ್ರಂಕಿನಲ್ಲಿಟ್ಟುಕೊಂಡರು, ಅಷ್ಟೆ.

ಎರಡು ವರ್ಷದ ತರುವಾಯ ಒಂದು ದಿನ ಅವರೇ ಬಾಯಿಬಿಟ್ಟು, “ಒಮ್ಮೆ ಹಂಪೆ ನೋಡಬೇಕು” ಎಂದರು. ತಾವಾಗಿ ಏನನ್ನೂ ಕೇಳದವರು ಕೇಳಿದ ಮೇಲೆ ತಡಮಾಡುವುದು ಸಲ್ಲದು. ಸರಕಾರಿ ಕಚೇರಿಯ ಗುಮಾಸ್ತೆಯ ಪಂಚಾಂಗದಲ್ಲಿ ಶುಭಮುಹೂರ್ತವೆಂದರೆ ಶನಿವಾರ ಭಾನುವಾರಗಳಿಗೆ ಅಂಟಿಕೊಂಡು ಬರುವ ರಜೆ. 2024ರಲ್ಲಿ ಗಣರಾಜ್ಯೋತ್ಸವ ಶುಕ್ರವಾರ ಬಿದ್ದಿತ್ತು. ತಾಯಿ, ಮನೆಯವರು, ಎಂಟು ವರ್ಷದ ಮಗ ಮತ್ತು ನಾವು ಮುಂಬಯಿಯಿಂದ ಹುಬ್ಬಳ್ಳಿ ಗಾಡಿ ಹತ್ತಿದೆವು. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ಗದಗ ಕೊಪ್ಪಳಗಳನ್ನು ದಾಟಿ ಹೊಸಪೇಟೆಗೆ ಬಂದಿಳಿದಾಗ ಮಧ್ಯಾಹ್ನ ಮೀರಿತ್ತು. ಗಾಡಿಯ ಕಿಟಕಿಯಲ್ಲಿ ಜೋಳದ ಹೊಲ ಕಂಡೊಡನೆ ತಾಯಿಯ ಮುಖ ಅರಳಿತು. ಮಗನು ಆ ಹೊಲದ ಚಿತ್ರ ತೆಗೆದ. ಬಂದದ್ದು ಕಿಟಕಿಯ ಸರಳು ಮಾತ್ರ.

ಮರುದಿನ ಬೆಳಿಗ್ಗೆ ಮೊದಲು ವಿರೂಪಾಕ್ಷನ ದರ್ಶನ. ಹೊಸಪೇಟೆಯಿಂದ ಹಂಪೆ ಸುಮಾರು 13 ಕಿಲೋಮೀಟರು. ದೇವಸ್ಥಾನದ ಮೂಡಲ ಗೋಪುರ ಒಂಬತ್ತು ಅಂತಸ್ತಿನದು, ಸುಮಾರು 50 ಮೀಟರು ಎತ್ತರ. ಅದನ್ನು ಮೊಬೈಲಿನಲ್ಲಿ ಹಿಡಿಯಲು ಜನ ಪಡುತ್ತಿದ್ದ ಪಾಡು ನೋಡುವಂತಿತ್ತು. ಕೆಲವರು ಹಿಂದೆ ಹಿಂದೆ ಸರಿದು ಬೀದಿಯ ದನಗಳಿಗೆ ಡಿಕ್ಕಿ ಹೊಡೆದರು. ಒಬ್ಬ ತರುಣನಂತೂ ನೆಲದ ಮೇಲೆ ಅಂಗಾತ ಮಲಗಿಯೇಬಿಟ್ಟ.

ಆದರೆ ಹಂಪೆಗೆ ತನ್ನದೇ ಆದ ಕ್ಯಾಮರಾ ಒಂದಿದೆ. ದೇವಸ್ಥಾನದ ಹಿಂಭಾಗದಲ್ಲಿ ಕತ್ತಲೆಯ ಒಂದು ಕೋಣೆ. ಅದರ ಗೋಡೆಯಲ್ಲೊಂದು ಸಣ್ಣ ಕಿಂಡಿ. ಆ ಕಿಂಡಿಯಿಂದ ಬಂದ ಬೆಳಕು ಎದುರುಗೋಡೆಯ ಮೇಲೆ ಮೂಡಲ ಗೋಪುರದ ಚಿತ್ರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಇದರಲ್ಲಿ ಮಂತ್ರವೇನೂ ಇಲ್ಲ. ಬೆಳಕು ನೇರ ಗೆರೆಯಲ್ಲಿ ಚಲಿಸುತ್ತದೆ. ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿಯಲ್ಲಿ ಹಾದು ಕೆಳಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಹೋಗುತ್ತದೆ. ಸುಮಾರು ಸಾವಿರ ವರ್ಷದ ಹಿಂದೆ ಅರಬ್ ಪಂಡಿತ ಇಬ್ನ್ ಅಲ್ ಹೈಥಮ್ ಕತ್ತಲೆಯ ಕೋಣೆಯ ಈ ಗುಟ್ಟನ್ನು ಪರೀಕ್ಷಿಸಿ ಬರೆದಿಟ್ಟನು. ಕ್ಯಾಮರಾ ಎಂಬ ಶಬ್ದಕ್ಕೂ ಕೋಣೆ ಎಂದೇ ಮೂಲಾರ್ಥ. ಚಿತ್ರ ಬೀಳುವುದು ಮೊದಲಿನಿಂದಲೂ ಗೊತ್ತಿತ್ತು. ಬಿದ್ದ ಚಿತ್ರವನ್ನು ಅಲ್ಲಿಯೇ ನಿಲ್ಲಿಸುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಫ್ರಾನ್ಸಿನ ನಿಯೆಪ್ಸನು 1820ರ ದಶಕದಲ್ಲಿ ತನ್ನ ಕಿಟಕಿಯಾಚೆಯ ನೋಟವನ್ನು ಲೋಹದ ಹಲಗೆಯ ಮೇಲೆ ನಿಲ್ಲಿಸಿದನು. 1839ರಲ್ಲಿ ಡಗೇರನ ವಿಧಾನ ಪ್ರಪಂಚಕ್ಕೆ ಪ್ರಕಟವಾಯಿತು. ಅಂದಿನಿಂದ ಮನುಷ್ಯನು ನಿಲ್ಲಿಸುತ್ತಲೇ ಇದ್ದಾನೆ.

“ನಿಲ್ಲಿಸುವುದು ಅಂದರೇನಪ್ಪಾ?” ಎಂದು ಮಗ ಕೇಳಿದ. ನಾವು ಬಾಗಿಲಿಗೆ ಅಡ್ಡ ನಿಂತೊಡನೆ ಗೋಡೆಯ ಮೇಲಿನ ಗೋಪುರ ಮಂಕಾಯಿತು. ಸರಿದೊಡನೆ ಮತ್ತೆ ಬಂತು. “ಈಗ ನಾವು ಬಾಂಬೆಗೆ ಹೋದಮೇಲೂ ಇದು ನಮ್ಮ ಜೊತೆಗೇ ಬರಬೇಕು ಅಂದರೆ, ಅದು” ಎಂದೆವು. ಅವನು ಕೂಡಲೇ ಮೊಬೈಲು ಹಿಡಿದು ನೆರಳಿನ ಚಿತ್ರ ತೆಗೆದ. ಅಲ್ಲಿದ್ದ ಇಪ್ಪತ್ತು ಮಂದಿಯೂ ಅದನ್ನೇ ಮಾಡುತ್ತಿದ್ದರು. ಚಿತ್ರದ ಚಿತ್ರ ತೆಗೆಯುವ ಜಾತಿ ಬೇರೊಂದು ಇರಲಾರದು!

ಸಂಜೆ ಹೇಮಕೂಟ ಹತ್ತಿದೆವು. ಹತ್ತಿದೆವೆಂದರೆ ದೊಡ್ಡ ಸಾಹಸವೇನಲ್ಲ. ಇಳಿಜಾರಾದ ಬಂಡೆ, ಮೊಣಕಾಲು ನೋವಿನ ತಾಯಿಯೂ ಕೈಹಿಡಿದು ಏರಿದರು. ಸೂರ್ಯ ಮುಳುಗಲು ಅರ್ಧ ಗಂಟೆ ಇರುವಾಗಲೇ ಬಂಡೆಯ ಮೇಲೆ ಜನ ತುಂಬಿದ್ದರು. ಗದಗದ ಶಾಲಾ ಮಕ್ಕಳು, ತೆಲುಗು ಮಾತನಾಡುವ ದೊಡ್ಡ ಸಂಸಾರ, ಬಂಗಾಲಿ ದಂಪತಿ, ಬೆನ್ನುಚೀಲದ ಪರದೇಶದವರು. ಯಾರಿಗೂ ಯಾರ ಭಾಷೆಯೂ ತಿಳಿಯದು. ಆದರೂ ಎಲ್ಲರೂ ಒಂದೇ ಕಡೆಗೆ ಕೈಯೆತ್ತಿ ಹಿಡಿದಿದ್ದರು. ಎಲ್ಲರ ಪುಟ್ಟ ಗಾಜಿನ ಪರದೆಗಳಲ್ಲೂ ಒಂದೇ ಚಿತ್ರ: ಹತ್ತಿರದಲ್ಲೊಂದು ಕಲ್ಲಿನ ಮಂಟಪ, ಅದರಾಚೆ ಬಂಡೆಗುಡ್ಡ, ನಡುವೆ ಒಂದಿಷ್ಟು ಹಸಿರು, ಮೇಲೆ ಕೆಂಪು ಸೂರ್ಯ.

ಇವರಿಗೆಲ್ಲ ಯಾರು ಹೇಳಿಕೊಟ್ಟರು? ಈ ಪ್ರಶ್ನೆ ನಮ್ಮ ತಲೆಯೊಳಗೆ ಹೊಕ್ಕಿತು. ವಿಟಾಲಿ ಕೋಮಾರ್, ಅಲೆಕ್ಸಾಂಡರ್ ಮೆಲಾಮಿಡ್ ಎಂಬ ಇಬ್ಬರು ರಷ್ಯನ್ ಮೂಲದ ಕಲಾವಿದರು 1990ರ ದಶಕದಲ್ಲಿ ಒಂದು ವಿನೋದದ ಪ್ರಯೋಗ ನಡೆಸಿದ್ದುಂಟು. ನಿಮಗೆ ಎಂಥ ಚಿತ್ರ ಬೇಕು ಎಂದು ಅಮೆರಿಕ, ಚೀನ, ಕೆನ್ಯಾ ಮೊದಲಾದ ಹಲವು ದೇಶಗಳ ಜನರನ್ನು ಮತದಾನದಂತೆ ಕೇಳಿಸಿ, ಬಂದ ಉತ್ತರದಂತೆ ಚಿತ್ರ ಬರೆದರು. ಹೆಚ್ಚಿನ ದೇಶಗಳ ಚಿತ್ರಗಳು ಅಣ್ಣತಮ್ಮಂದಿರಂತೆ ಬಂದವು: ನೀಲಿ ಆಕಾಶ, ನೀರು, ಬೆಟ್ಟ, ಮರ, ಒಂದಿಬ್ಬರು ಮನುಷ್ಯರು. ಹಿಮವನ್ನೇ ಕಂಡವರೂ ಕಾಡನ್ನೇ ಕಂಡವರೂ ಕೇಳಿದ್ದು ಬಹುಮಟ್ಟಿಗೆ ಇದನ್ನೇ.

ಇದಕ್ಕೆ ಪಂಡಿತರು ಎರಡು ಬಗೆಯ ಉತ್ತರ ಕೊಡುತ್ತಾರೆ. ಇಂಗ್ಲೆಂಡಿನ ಭೂಗೋಳ ಶಾಸ್ತ್ರಜ್ಞ ಜೇ ಆಪಲ್ಟನ್ನರು 1975ರಲ್ಲಿ ಬರೆದ ಪುಸ್ತಕದ ವಾದವೇನೆಂದರೆ, ದೂರದವರೆಗೆ ಕಣ್ಣಿಗೆ ಎಟುಕಬೇಕು, ಆದರೆ ನಮಗೆ ಬೆನ್ನ ಹಿಂದೆ ಒಂದು ಆಸರೆಯೂ ಇರಬೇಕು. ಬೇಟೆಯಾಡಿ ಬದುಕಿದ ಪೂರ್ವಿಕರಿಗೆ ಜೀವ ಉಳಿಸಿದ ಇಂಥ ನೆಲೆಯೇ ಇಂದಿಗೂ ನಮಗೆ ಸುಂದರವೆನಿಸುತ್ತದೆ ಎಂದು. ಇನ್ನು ಕೆಲವರು, ಅದೆಲ್ಲ ಏನಿಲ್ಲ, ಪ್ರಪಂಚದ ಗೋಡೆಗಳ ಮೇಲೆಲ್ಲ ಒಂದೇ ತರಹದ ಕ್ಯಾಲೆಂಡರು ತೂಗುತ್ತಿದೆ, ಕಣ್ಣು ಅದಕ್ಕೆ ಒಗ್ಗಿದೆ ಎನ್ನುತ್ತಾರೆ. ಗುಮಾಸ್ತೆಯ ಬುದ್ಧಿಗೆ ಎರಡೂ ಸರಿಯೆಂದೇ ತೋರಿತು. ನಮ್ಮ ಬೆನ್ನ ಹಿಂದೆ ಬಂಡೆ, ತಲೆಯ ಮೇಲೆ ಮಂಟಪದ ನೆರಳು, ಎದುರಿಗೆ ಹರದಾರಿ ದೂರದ ನೋಟ: ಆಪಲ್ಟನ್ನರು ಹೇಳಿದ ಜಾಗ ಅದೇ. ಆದರೆ ತಾಯಿ ಅಂದ ಮಾತೂ ನೆನಪಿರಬೇಕು. “ನಮ್ಮ ಅಡಿಗೆಮನೆಯಲ್ಲಿ ಕಿರಾಣಿ ಅಂಗಡಿಯವ ಕೊಟ್ಟ ಕ್ಯಾಲೆಂಡರಿನಲ್ಲಿ ಇದ್ದ ಹಾಗೇ ಇದೆ ನೋಡು!” ಎಂದರು ಅವರು.

ಭಾನುವಾರ ಬೆಳಿಗ್ಗೆ ವಿಜಯವಿಠ್ಠಲ ದೇವಸ್ಥಾನ. ವಾಹನಗಳನ್ನು ದೂರದಲ್ಲೇ ನಿಲ್ಲಿಸಿ, ಅಲ್ಲಿಂದ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಒಳಗೆ ಕಾಲಿಟ್ಟೊಡನೆ ಜನವೆಲ್ಲ ಒಂದು ಕಡೆಗೆ ಹರಿಯುತ್ತಿತ್ತು. ಕಲ್ಲಿನ ರಥವಿರುವುದು ಅಲ್ಲಿಯೇ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಗ ನಮ್ಮ ಜೇಬಿನಿಂದ 50 ರೂಪಾಯಿಯ ನೋಟು ತೆಗೆಸಿಕೊಂಡು, ಎದುರಿಗೆ ಹಿಡಿದು, ರಥವನ್ನೂ ನೋಟನ್ನೂ ತಾಳೆ ನೋಡಿದ. 2017ರಿಂದ ಆ ನೋಟಿನ ಬೆನ್ನ ಮೇಲೆ ಇದೇ ರಥವಿದೆ.

ರಥವೆಂದು ಕರೆದರೂ ಇದು ಗರುಡನ ಗುಡಿ. ವಿಠ್ಠಲನಿಗೆ ಎದುರಾಗಿ ಅವನ ವಾಹನವನ್ನು ಕೂರಿಸಲು ಕಟ್ಟಿದ್ದು. ಒಂದೇ ಕಲ್ಲಿನಂತೆ ಕಂಡರೂ ಹಲವು ಕಲ್ಲುಗಳ ಜೋಡಣೆ. ಸಂದುಗಳು ಅಲಂಕಾರದೊಳಗೆ ಅಡಗಿವೆ. ಇದರ ಅತ್ಯಂತ ಹಳೆಯ ಛಾಯಾಚಿತ್ರ ತೆಗೆದವನು ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಕಂಪನಿ ಸೈನ್ಯದ ಅಧಿಕಾರಿ, 1856ರಲ್ಲಿ. ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಈ ಬಂಡೆಗಳ ಬಿಸಿಲಿನಲ್ಲಿ ಅಲೆದು, ಅರವತ್ತಕ್ಕೂ ಹೆಚ್ಚು ಚಿತ್ರ ತೆಗೆದನು. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಿಂಡಿ ತೆರೆದಿರಬೇಕಾಗಿತ್ತು. ಅಷ್ಟು ಹೊತ್ತು ಅಲುಗಾಡದೆ ಇರಬಲ್ಲದ್ದು ಕಲ್ಲು ಮಾತ್ರ. ಅವನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಅದು ಆಮೇಲೆ ಇಲ್ಲವಾಯಿತು. ಈಗ ರಥಕ್ಕೆ ತಲೆಯಿಲ್ಲ, ನಮಗೆ ಅದೇ ಸುಂದರ!

1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೊಲಿಂಗ್ಸ್ ಎಂಬ ಛಾಯಾಗ್ರಾಹಕರು ಗ್ರೀನ್ಲಾನ ಚಿತ್ರಗಳನ್ನು ಕೈಯಲ್ಲಿ ಹಿಡಿದು ಬಂದು, ಅವನು ಮುಕ್ಕಾಲಿ ನಿಲ್ಲಿಸಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಹಿಂದಿನವನು ನಿಂತಲ್ಲೇ ನಿಲ್ಲಬೇಕೆಂಬ ಹಂಬಲ ಅವರೊಬ್ಬರಿಗೇ ಇದ್ದದ್ದಲ್ಲ. ನಮ್ಮ ತಾಯಿಯೂ ಅದಕ್ಕಾಗಿಯೇ ಬಂದಿದ್ದರು. ಕೈಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ 1985ರ ಚಿತ್ರವನ್ನು ತೆಗೆದು, “ಇಲ್ಲೇ, ಈ ಮಗ್ಗುಲಿಗೆ” ಎಂದು ನಡೆದರು.

ಆ ಮಗ್ಗುಲು ಯಾವುದೆಂದು ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಅಲ್ಲಿಯೇ ಉದ್ದನೆಯ ಸಾಲಿತ್ತು. ರಥಕ್ಕೆ ನೇರ ಎದುರಾಗಿ ನಿಂತರೆ ಎರಡು ಆನೆ, ಒಂದು ಬಾಗಿಲು. ನೇರ ಪಕ್ಕಕ್ಕೆ ನಿಂತರೆ ಎರಡು ಚಕ್ರ. ಓರೆಯಾಗಿ ಮೂಲೆಗೆ ನಿಂತರೆ ಮಾತ್ರ ಆನೆ, ಚಕ್ರ, ಮೈಕಟ್ಟು ಎಲ್ಲ ಸೇರಿ ರಥ ರಥವಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಮರ್, ರೋಶ್, ಚೇಸ್ ಎಂಬವರು 1981ರಲ್ಲಿ ಇದೇ ವಿಷಯದ ಅಧ್ಯಯನ ಪ್ರಕಟಿಸಿದರು. ಕುದುರೆ, ಕಾರು, ಟೆಲಿಫೋನು ಮೊದಲಾದುವನ್ನು ಬೇರೆ ಬೇರೆ ಕಡೆಗಳಿಂದ ತೋರಿಸಿ ಯಾವ ನೋಟ ಒಳ್ಳೆಯದೆಂದು ಕೇಳಿದರೆ ಜನರ ಉತ್ತರ ಬಹುಪಾಲು ಒಂದೇ ಆಗುತ್ತಿತ್ತು. ಅದು ಹೆಚ್ಚಾಗಿ ಸ್ವಲ್ಪ ಓರೆಯಾದ ನೋಟ. ಆ ನೋಟದಲ್ಲಿ ವಸ್ತುವನ್ನು ಗುರುತಿಸುವುದೂ ಬೇಗ. ಎಂದಮೇಲೆ ಸಾಲಿನಲ್ಲಿ ನಿಂತವರನ್ನು ಕುರಿಮಂದೆಯೆಂದು ನಗಬೇಕಾಗಿಲ್ಲ. ಅವರವರ ಕಣ್ಣು ಅವರವರನ್ನು ಅಲ್ಲಿಗೇ ತಂದಿದೆ.

ನಾವು ಸಾಲಿನಲ್ಲಿ ಅರ್ಧ ತಾಸು ನಿಂತು ನೋಡಿದೆವು. ಬಂದವರಲ್ಲಿ ಒಬ್ಬರೂ ರಥವನ್ನಷ್ಟೇ ತೆಗೆದು ಹೋಗಲಿಲ್ಲ. ರಥದ ಒಳ್ಳೆಯ ಚಿತ್ರ ಬೇಕಾದರೆ ನೋಟಿನಲ್ಲೇ ಇದೆ. ಅವರಿಗೆ ಬೇಕಾದದ್ದು ರಥದ ಮುಂದೆ ತಮ್ಮ ಹೆಂಡತಿ, ತಮ್ಮ ಮಗು, ತಮ್ಮ ಅಜ್ಜಿ. ಫ್ರಾನ್ಸಿನ ಪಿಯೆರ್ ಬೋರ್ದ್ಯೂ ಮತ್ತು ಸಂಗಡಿಗರು 1965ರ ತಮ್ಮ ಗ್ರಂಥದಲ್ಲಿ, ಮಕ್ಕಳಿರುವ ಮನೆಗಳಲ್ಲೇ ಕ್ಯಾಮರಾ ಹೆಚ್ಚೆಂದು ತೋರಿಸಿದ್ದರು. ಕಲೆಗಾಗಿ ಕ್ಯಾಮರಾ ಕೊಳ್ಳುವವರು ಕೆಲವರು. ಸಂಸಾರಕ್ಕಾಗಿ ಕೊಳ್ಳುವವರು ಎಲ್ಲರೂ. ನಮ್ಮ ತಂದೆಯ ಆಗ್ಫಾದಲ್ಲಿ ಒಂದು ರೀಲಿಗೆ 12 ಚಿತ್ರ. ಹನ್ನೆರಡರಲ್ಲಿ ಒಂದನ್ನೂ ಅವರು ಬೆಟ್ಟಕ್ಕೋ ಕಡಲಿಗೋ ವ್ಯಯಮಾಡಿದವರಲ್ಲ. ಬೆಟ್ಟದ ಮುಂದೆ ನಾವು, ಕಡಲಿನ ಮುಂದೆ ನಾವು. ಆ ಎರಡು ದಿನದಲ್ಲಿ ನಮ್ಮ ಮೊಬೈಲಿನಲ್ಲಿ ಆಗಲೇ 400 ದಾಟಿತ್ತು.

ಸಾಲು ಸಾಗಿ ನಮ್ಮ ಸರದಿ ಬಂತು. 1985ರ ಚಿತ್ರದಲ್ಲಿ ತಂದೆ ಆನೆಯ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಾರೆ. ಈಗ ಮುಟ್ಟುವಂತಿಲ್ಲ, 2020ರಲ್ಲಿ ರಥದ ಸುತ್ತ ತಡೆ ಕಟ್ಟಿದ್ದಾರೆ. ಒಳ್ಳೆಯದೇ. ಕೋಟ್ಯಂತರ ಕೈ ಉಜ್ಜಿದರೆ ಕಲ್ಲೂ ಸವೆಯುತ್ತದೆ. ತಾಯಿ ತಡೆಯ ಈಚೆ ನಿಂತು ಬಹಳ ಹೊತ್ತು ನೋಡಿದರು. ನಾವು ಮೊಬೈಲು ಎತ್ತಿ, “ಅಮ್ಮಾ, ಈ ಕಡೆ ನೋಡು” ಎಂದೆವು. ಅವರು ನೋಡಲಿಲ್ಲ. “ಆನೆಗಳ ಹಿಂದೆ ಕುದುರೆಯ ಕಾಲು ಇದೆ, ನೋಡಿದೆಯಾ?” ಎಂದರು.

ನಾವು ನೋಡಿರಲಿಲ್ಲ. ಹತ್ತಾರು ಚಿತ್ರ ತೆಗೆದಾಗಿತ್ತು, ಆದರೂ ನೋಡಿರಲಿಲ್ಲ. ಅಮೆರಿಕದ ಲಿಂಡಾ ಹೆಂಕೆಲ್ ಎಂಬವರು 2014ರಲ್ಲಿ ಪ್ರಕಟಿಸಿದ ಪರೀಕ್ಷೆ ಆಮೇಲೆ ನೆನಪಾಯಿತು: ವಸ್ತುಸಂಗ್ರಹಾಲಯದಲ್ಲಿ ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಚಿತ್ರ ತೆಗೆದ ವಸ್ತುಗಳು ಜನರಿಗೆ ಕಡಮೆ ನೆನಪುಳಿದವು, ನೆನಪಿನ ಕೆಲಸವನ್ನು ಕ್ಯಾಮರಾಕ್ಕೆ ಒಪ್ಪಿಸಿ ಮನಸ್ಸು ರಜೆ ಹಾಕಿತ್ತು. ಈಗ ಬಗ್ಗಿ ನೋಡಿದರೆ ಹೌದು, ಆನೆಗಳ ಹಿಂದೆ ಕುದುರೆಗಳ ಹಿಂಗಾಲು, ಬಾಲ. ಮೊದಲು ರಥಕ್ಕೆ ಕುದುರೆ ಹೂಡಿತ್ತು. ಅವು ಹಾಳಾದ ಮೇಲೆ ಯಾರೋ ಬೇರೆಲ್ಲಿಂದಲೋ ಆನೆಗಳನ್ನು ತಂದು ನಿಲ್ಲಿಸಿದ್ದಾರೆ.

“ಅವತ್ತು ಇವರೇ ತೋರಿಸಿದ್ದು” ಎಂದರು ತಾಯಿ. “ಫೋಟೋದವ ರೆಡಿ ರೆಡಿ ಅನ್ನುತ್ತಿದ್ದ. ಇವರು ತುಟಿ ಅಲುಗಿಸದೆ, ಹಿಂದೆ ಕುದುರೆಯ ಬಾಲ ಇದೆ ನೋಡು ಅಂದರು. ನಾನು ತಿರುಗಿದೆ. ಅಷ್ಟರಲ್ಲಿ ಒತ್ತಿಬಿಟ್ಟ.”

ಆ ಚಿತ್ರದಲ್ಲಿ ತಾಯಿಯ ಮುಖ ಅಲುಗಿ ಮಸುಕಾಗಿದೆ. ಫೋಟೋಗ್ರಾಫರನಿಗೆ ಕೈ ಹದವಿರಲಿಲ್ಲವೆಂದೇ ನಾವು ಇಷ್ಟು ವರ್ಷ ತಿಳಿದಿದ್ದೆವು. ಮುಂಗಡ ಹಣ ತೆಗೆದುಕೊಂಡು ಮೂರು ವಾರದ ಮೇಲೆ ಅಂಚೆಯಲ್ಲಿ ಕಳಿಸಿದ್ದನಂತೆ ಅವನು. ದುಡ್ಡು ಮುಳುಗಿತೆಂದು ತಂದೆ ಆಸೆ ಬಿಟ್ಟಿದ್ದರಂತೆ. ಮಸುಕಾದ ಮುಖ ನೋಡಿ ಇಬ್ಬರೂ ನಕ್ಕರಂತೆ. ಇಷ್ಟೆಲ್ಲ ಆ ಕಾಗದದ ಚೂರಿನಲ್ಲಿತ್ತು, ನಮಗೆ ಕಾಣುತ್ತಿರಲಿಲ್ಲ. ಸ್ಟುಡಿಯೋದವರು ನೀಲಿ ಬಣ್ಣ ಬಳಿದು ಅಳಿಸಿದ್ದು ಇದನ್ನೇ. ಅಳಿಸಿರೆಂದು ಹೇಳಿದವರೂ ನಾವೇ.

ಹಿಂದೆ ನಿಂತವರು ಕೆಮ್ಮತೊಡಗಿದರು. ನಾವು ಮತ್ತೆ ಮೊಬೈಲು ಎತ್ತಿದೆವು. ತಾಯಿ ಈಗ ಇತ್ತ ತಿರುಗಿ, ಸ್ವಲ್ಪ ಗಡುಸಾಗಿಯೇ, “ಅದನ್ನು ಯಾರ ಕೈಗಾದರೂ ಕೊಡು. ನೀನೂ ಬಂದು ನಿಲ್ಲು. ಅವರ ಹಾಗೆ ಮಾಡಬೇಡ” ಎಂದರು. ಹಿಂದೆ ನಿಂತಿದ್ದ ತೆಲುಗಿನ ಹಿರಿಯರೊಬ್ಬರಿಗೆ ಮೊಬೈಲು ಕೊಟ್ಟೆವು. ಅವರು ದೂರ ಹಿಡಿದು, ಹತ್ತಿರ ಹಿಡಿದು, ಕನ್ನಡಕ ತೆಗೆದು, ಹಾಕಿ, ಒಂದೇ ಒಂದು ಚಿತ್ರ ತೆಗೆದರು. ಅದರ ಎಡಮೂಲೆಯಲ್ಲಿ ಅವರ ಬೆರಳಿದೆ. ಒಂದು ಆನೆ ಅರ್ಧಕ್ಕೆ ಕತ್ತರಿಸಿಹೋಗಿದೆ. ಮಗನ ಕಣ್ಣು ಮುಚ್ಚಿದೆ. ನಾಲ್ವರೂ ಇದ್ದೇವೆ.

ಮುಂಬಯಿಗೆ ಬಂದ ಮೇಲೆ ಅದನ್ನು ಕಾಗದದ ಮೇಲೆ ತೆಗೆಸಿದೆವು. 1985ರ ಚಿತ್ರವನ್ನೂ ಹಾಗೆಯೇ, ಏನನ್ನೂ ಕತ್ತರಿಸದೆ, ರಥ, ಆನೆ, ಮಸುಕಾದ ಮುಖ ಎಲ್ಲ ಸೇರಿಸಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ನೀಲಿ ಹಿನ್ನೆಲೆಯ ಪಟ ಅದರ ಜಾಗದಲ್ಲೇ ಇದೆ. ಹಾರ ಹಾಕಿದ್ದನ್ನು ತೆಗೆಯಬಾರದಂತೆ. ಈ ಎರಡು ಅದರ ಪಕ್ಕದಲ್ಲಿವೆ.

ಸಂಘದ ಬಂಧುಗಳಲ್ಲಿ ರಜೆಗೆ ಊರ ಕಡೆ ಹೊರಡುವವರು ಬಹಳ ಮಂದಿ ಇದ್ದೀರಿ. ಹಂಪೆಗೆ ಚಳಿಗಾಲದಲ್ಲಿ ಹೋಗಿ. ಬೇಸಗೆಯಲ್ಲಿ ಬಂಡೆ ಕಾದು ಕಾಲಿಡಲಾಗದು. ವಿಠ್ಠಲ ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಸೇರಿಕೊಳ್ಳಿ. ರಥದ ಮುಂದೆ ಎಲ್ಲರೂ ನಿಲ್ಲುವ ಜಾಗದಲ್ಲಿ ನೀವೂ ನಿಲ್ಲಿ, ನಾಚಿಕೆ ಬೇಡ. ಆದರೆ ನಿಮ್ಮ ಮನೆಯಲ್ಲಿ ಸದಾ ಕ್ಯಾಮರಾ ಹಿಡಿಯುವವರು ಯಾರಿದ್ದಾರೋ ಅವರ ಕೈಯಿಂದ ಅದನ್ನು ಒಮ್ಮೆ ಕಸಿದು, ಗುರುತಿಲ್ಲದವರ ಕೈಗೆ ಕೊಟ್ಟು, ಅವರನ್ನೂ ಎಳೆದು ನಿಲ್ಲಿಸಿಕೊಳ್ಳಿ. ಬೆರಳು ಅಡ್ಡ ಬಂದರೂ ಚಿಂತೆಯಿಲ್ಲ.